ಹೆಸರಿಲ್ಲದ ನೆಲದ ಚಿತ್ರಗಾರ

ಒಂದು ಜನಾಂಗ ತನ್ನ ನೆಲವನ್ನು ಪ್ರೀತಿಸುತ್ತದೆ ಎಂದು ಹೇಳುವಾಗ ನಮ್ಮ ಮನಸ್ಸಿಗೆ ಮೊದಲು ಬರುವವು ಆ ನಾಡಿನ ಪ್ರಖ್ಯಾತ ಗಿರಿಶಿಖರಗಳು, ಅದರ ನದಿಗಳು, ವೀರರು ಕಾದಿ ಮಡಿದ ರಣಭೂಮಿಗಳು, ಅರಸರು ಕಟ್ಟಿಸಿದ ಕೋಟೆಕೊತ್ತಲಗಳು. ಪುರಾಣವಾಗಲಿ ಇತಿಹಾಸವಾಗಲಿ ಎಂದೂ ಹೆಸರೆತ್ತದ ಒಂದು ಬಡ ಹಳ್ಳಿ, ಅದರ ಕೆಸರು ತುಂಬಿದ ದಾರಿ, ಬೆಳೆ ಸರಿಯಾಗಿ ಏಳದ ಹೊಲ, ಅದರ ಮೇಲೆ ಕವಿದ ಮೋಡ, ಇವೂ ಆ ಪ್ರೀತಿಗೆ ಪಾತ್ರವಾಗಬಲ್ಲವೆಂಬುದು ಸುಲಭವಾಗಿ ಹೊಳೆಯುವ ವಿಚಾರವಲ್ಲ. ಮಧ್ಯ ಯೂರೋಪಿನ ಬೊಹೆಮಿಯ ದೇಶದಲ್ಲಿ, ಚೆಕ್ ಭಾಷೆಯ ಜನ ಆಸ್ಟ್ರಿಯ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದುಕೊಂಡು ತಮ್ಮ ತನವನ್ನು ಮತ್ತೆ ಕಂಡುಕೊಳ್ಳುತ್ತಿದ್ದ ಕಾಲದಲ್ಲಿ, ಈ ವಿಚಾರವನ್ನು ವಾದಮಾಡದೆ, ಉಪನ್ಯಾಸ ಕೊಡದೆ, ಕುಂಚವೊಂದರಿಂದಲೇ ಸಾಧಿಸಿ ತೋರಿಸಿದವನು ಆಂಟೊನೀನ್ ಸ್ಲಾವೀಚೆಕ್ ಎಂಬ ಚಿತ್ರಗಾರ. ನಲವತ್ತು ವರ್ಷವನ್ನೂ ತುಂಬದೆ ತೀರಿಹೋದ ಆತನ ಬದುಕು ದೊಡ್ಡ ಘಟನೆಗಳಿಂದ ಕೂಡಿದುದಲ್ಲ. ಆದರೆ ಭೂದೃಶ್ಯವೆಂಬ ಕಲಾಪ್ರಕಾರ ಒಂದು ನಾಡಿನ ಕಣ್ಣನ್ನು ಹೇಗೆ ತಿದ್ದಬಲ್ಲದು ಎಂಬುದನ್ನು ಅರಿಯಬೇಕೆನ್ನುವವರಿಗೆ ಅದಕ್ಕಿಂತ ಉತ್ತಮವಾದ ನಿದರ್ಶನ ಸಿಗಲಾರದು.

ಸ್ಲಾವೀಚೆಕನು ಮಾಡಿದ್ದೇನೆಂಬುದು ತಿಳಿಯಬೇಕಾದರೆ ಅವನಿಗಿಂತ ಮೊದಲು ಚೆಕ್ ಜನ ತಮ್ಮ ನೆಲವನ್ನು ಹೇಗೆ ನೋಡುತ್ತಿದ್ದರೆಂಬುದನ್ನು ತಿಳಿದಿರಬೇಕು. 1868ರ ಮೇ 16ರಂದು ಪ್ರಾಗ್ ನಗರದಲ್ಲಿ, ವಲ್ತಾವ ನದಿಯ ದಡದ ಮೇಲೆ, ಚೆಕ್ ಜನರ ರಾಷ್ಟ್ರೀಯ ರಂಗಮಂದಿರಕ್ಕೆ ಅಸ್ತಿಭಾರ ಹಾಕಿದರು. ನಾಡಿನ ನಾನಾ ಪವಿತ್ರ ಸ್ಥಳಗಳಿಂದ ಕಲ್ಲುಗಳನ್ನು ತರಿಸಿ ಆ ಅಸ್ತಿಭಾರದಲ್ಲಿ ಇಡಲಾಯಿತು. ಅವುಗಳಲ್ಲಿ ಮುಖ್ಯವಾದದ್ದು ರ್ಜಿಪ್ ಬೆಟ್ಟದ ಕಲ್ಲು. ಬಯಲಿನ ನಡುವೆ ಒಂಟಿಯಾಗಿ ನಿಂತಿರುವ ಆ ಗುಂಡು ಬೆಟ್ಟದ ನೆತ್ತಿಯಿಂದಲೇ ಮೂಲಪುರುಷನಾದ ಚೆಖ್ ಎಂಬುವನು ಸುತ್ತಲಿನ ನಾಡನ್ನು ನೋಡಿ, ಇಲ್ಲಿಯೇ ನೆಲಸೋಣವೆಂದು ತನ್ನ ಜನಕ್ಕೆ ಹೇಳಿದನೆಂಬ ಐತಿಹ್ಯವಿದೆ. ಬ್ಲಾನೀಕ್ ಎಂಬ ಇನ್ನೊಂದು ಬೆಟ್ಟದ ಒಡಲಲ್ಲಿ ಸಂತ ವಾಕ್ಲಾವನ ಯೋಧರು ನಿದ್ರಿಸುತ್ತಿರುವರೆಂದೂ ನಾಡಿಗೆ ಕಡುಸಂಕಟ ಒದಗಿದಾಗ ಎದ್ದು ಬರುವರೆಂದೂ ಜನ ನಂಬಿದ್ದರು. ಹೀಗೆ ಪ್ರತಿಯೊಂದು ಶಿಖರಕ್ಕೂ ಒಂದು ಕಥೆ. ನೆಲವನ್ನು ನೋಡುವುದೆಂದರೆ ಆ ಕಥೆಯನ್ನು ಸ್ಮರಿಸುವುದು. ಸ್ವಂತ ರಾಜ್ಯವಿಲ್ಲದ ಜನಕ್ಕೆ ಈ ಸ್ಮರಣೆಯೇ ದೊಡ್ಡ ಆಸ್ತಿಯಾಗಿತ್ತು.

1881ರ ಆಗಸ್ಟಿನಲ್ಲಿ ಆ ರಂಗಮಂದಿರ ಬೆಂಕಿಗೆ ತುತ್ತಾಯಿತು. ಜನ ಮತ್ತೆ ಹಣ ಕೂಡಿಸಿ ಅದನ್ನು ಕಟ್ಟಿ, 1883ರ ನವೆಂಬರ್ 18ರಂದು ಪುನಃ ಬಾಗಿಲು ತೆರೆದರು. ಅಲ್ಲಿ ಅರಸರಿಗಾಗಿ ಮೀಸಲಿಟ್ಟ ಆಸನದ ಹಿಂದಿನ ಕೊಠಡಿಯನ್ನು ನಾಡಿನ ಸ್ಮರಣೀಯ ಸ್ಥಳಗಳ ಚಿತ್ರಗಳಿಂದ ಅಲಂಕರಿಸಿದವನು ಯೂಲಿಯುಸ್ ಮಾರ್ಜಾಕ್. 1832ರಲ್ಲಿ ಲಿತೊಮಿಶ್ಲ್ ಎಂಬ ಊರಿನಲ್ಲಿ ಹುಟ್ಟಿ, ಬಹುಕಾಲ ವಿಯೆನ್ನಾದಲ್ಲಿ ನೆಲಸಿದ್ದ ಈತ ಅರಣ್ಯದ ಚಿತ್ರಗಾರನೆಂದೇ ಹೆಸರಾದವನು. ಇದ್ದಿಲಿನಿಂದ ಬರೆದ ಈತನ ಕಾಡಿನ ಚಿತ್ರಗಳಲ್ಲಿ ದಟ್ಟವಾದ ಮರಗಳ ನಡುವೆ ಬೆಳಕು ನುಸುಳಿ ಬರುವ ರೀತಿ ಒಂದು ಬಗೆಯ ಧ್ಯಾನಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ರಂಗಮಂದಿರಕ್ಕೆ ಆತ ಬರೆದ ರ್ಜಿಪ್, ಬ್ಲಾನೀಕ್, ವಿಶೆಹ್ರಾದ್ ಮೊದಲಾದವುಗಳ ಚಿತ್ರಗಳಲ್ಲಿಯೂ ಆ ಗಾಂಭೀರ್ಯವೇ ಇದೆ. ಅವು ನಾಡಿನ ಪುಣ್ಯಕ್ಷೇತ್ರಗಳು, ಅವುಗಳ ಮುಂದೆ ನಿಂತವನು ಯಾತ್ರಿಕ.

1887ರಲ್ಲಿ ಮಾರ್ಜಾಕನು ಪ್ರಾಗ್ ಕಲಾ ಅಕಾಡೆಮಿಯ ಭೂದೃಶ್ಯ ಶಾಲೆಗೆ ಪ್ರಾಧ್ಯಾಪಕನಾಗಿ ಬಂದನು. ಅವನ ಬಳಿ ಕಲಿತವರ ಹೆಸರುಗಳನ್ನು ನೋಡಿದರೆ ಆ ಗುರುವಿನ ಮಹತ್ತ್ವ ತಾನಾಗಿಯೇ ವ್ಯಕ್ತವಾಗುತ್ತದೆ. ಫ್ರಾಂಟಿಶೆಕ್ ಕಾವಾನ್, ಓತಕರ್ ಲೆಬೆಡಾ, ಅಲೋಯಿಸ್ ಕಾಲ್ವೊಡಾ, ಸ್ಲಾವೀಚೆಕ್, ಹೀಗೆ ಚೆಕ್ ಭೂದೃಶ್ಯಕಲೆಯ ಒಂದು ಇಡೀ ಪೀಳಿಗೆಯೇ ಆ ಒಂದು ಶಾಲೆಯಿಂದ ಹೊರಬಂದಿತು. ಮಾರ್ಜಾಕನ ಸ್ವಂತ ಶೈಲಿ ಹಳೆಯದು, ಭಾವಪ್ರಧಾನವಾದದ್ದು. ಆದರೂ ಶಿಷ್ಯರನ್ನು ನಾಲ್ಕು ಗೋಡೆಗಳ ಒಳಗೆ ಕೂಡಿಹಾಕದೆ ಹೊಲ, ತೋಪು, ನದೀತೀರಗಳಿಗೆ ಕಳುಹಿಸಿ, ಕಣ್ಣೆದುರಿಗಿರುವುದನ್ನು ನೋಡಿ ಬರೆಯುವಂತೆ ಹೇಳುವ ಔದಾರ್ಯ ಅವನಲ್ಲಿತ್ತು. ತಾನು ನಡೆಯದ ದಾರಿಯಲ್ಲಿ ಶಿಷ್ಯರು ನಡೆಯುವುದನ್ನು ಸಹಿಸುವ ಗುರು ಎಲ್ಲ ಕಾಲದಲ್ಲಿಯೂ ಅಪೂರ್ವ. ಸಹಿಸುವುದಲ್ಲದೆ ಪ್ರೋತ್ಸಾಹಿಸಿದವನು ಮಾರ್ಜಾಕ್.

ಆಂಟೊನೀನ್ ಸ್ಲಾವೀಚೆಕ್ ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1870ರ ಮೇ 16ರಂದು. ಹದಿನೇಳನೆಯ ವಯಸ್ಸಿನಲ್ಲಿ, ಮಾರ್ಜಾಕನು ಪ್ರಾಧ್ಯಾಪಕನಾಗಿ ಬಂದ ವರ್ಷವೇ, ಅವನ ಶಾಲೆಗೆ ಸೇರಿದನು. ವಿದ್ಯಾಭ್ಯಾಸ ಒಂದೇ ಸಮನೆ ಸಾಗಲಿಲ್ಲ. ಮಧ್ಯೆ ಮಧ್ಯೆ ಬಿಡುವುದು, ಮತ್ತೆ ಬಂದು ಸೇರುವುದು ನಡೆದೇ ಇತ್ತು. ಸ್ವಭಾವದಲ್ಲಿ ಆತ ಉದ್ವೇಗಶೀಲ. ಉತ್ಸಾಹ ಬಂದಾಗ ಹಗಲೆಲ್ಲ ಬರೆದು, ನಿರಾಶೆ ಕವಿದಾಗ ಬರೆದುದನ್ನೆಲ್ಲ ನಿಷ್ಪ್ರಯೋಜಕವೆಂದು ತಿಳಿಯುವವನು. ಆತನ ಪತ್ರಗಳು ಮುಂದೆ ಪುಸ್ತಕರೂಪವಾಗಿ ಬಂದಿವೆ. ಅವುಗಳಲ್ಲಿಯೂ ಈ ಏರಿಳಿತವೇ ಕಾಣಬರುತ್ತದೆ.

ಅವನ ಯೌವನದ ಕೃತಿಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಒಂದು 1897ರ ಬರ್ಚ್ ಮರಗಳ ಚಿತ್ರ. ಇನ್ನೊಂದು 1898ರ 'ಜೂನ್ ತಿಂಗಳ ಒಂದು ದಿನ'. ಪ್ರಾಗಿನ ಉತ್ತರಕ್ಕೆ ವಲ್ತಾವ ತೀರದಲ್ಲಿರುವ ವೆಲ್ತ್ರುಸಿಯ ಹಳೆಯ ಅರಮನೆಯ ಉದ್ಯಾನವೇ ಈ ವರ್ಷಗಳಲ್ಲಿ ಅವನಿಗೆ ಪಾಠಶಾಲೆಯಾಗಿತ್ತು. ಬರ್ಚ್ ಚಿತ್ರದಲ್ಲಿ ಶರತ್ಕಾಲದ ಎಲೆಗಳ ಕೆಂಬಣ್ಣದ ನಡುವೆ ಬಿಳಿಯ ಕಾಂಡಗಳು ನೇರವಾಗಿ ನಿಂತಿವೆ. ಜೂನ್ ದಿನದ ಚಿತ್ರದಲ್ಲಿ ಎಲೆಗಳ ನಡುವಿನಿಂದ ಇಳಿದ ಬಿಸಿಲು ಹುಲ್ಲಿನ ಮೇಲೆ ತುಂಡುತುಂಡಾಗಿ ಚೆದರಿದೆ. ಗುರುವಿನ ಕಾಡಿನಲ್ಲಿ ಕತ್ತಲೆಯೇ ಮುಖ್ಯ, ಬೆಳಕು ಅತಿಥಿ. ಶಿಷ್ಯನ ತೋಪಿನಲ್ಲಿ ಬೆಳಕೇ ಮನೆಯ ಯಜಮಾನ. ನೋಡಲು ಬಹು ಸುಂದರವಾದ ಚಿತ್ರಗಳಿವು. ಇವುಗಳಿಂದಲೇ ಅವನಿಗೆ ಕೀರ್ತಿಯೂ ಬಂದಿತು. ಆದರೆ ಉದ್ಯಾನದ ಸೌಂದರ್ಯ ಮನುಷ್ಯನು ಮೊದಲೇ ಆರಿಸಿ ಒಪ್ಪವಾಗಿಟ್ಟ ಸೌಂದರ್ಯ. ಅದನ್ನು ಚಿತ್ರಿಸುವವನಿಗೆ ಅರ್ಧ ಕೆಲಸವನ್ನು ತೋಟಗಾರನೇ ಮಾಡಿಕೊಟ್ಟಿರುತ್ತಾನೆ. ಸ್ಲಾವೀಚೆಕನಿಗೆ ಈ ಅನುಕೂಲ ಬಹುದಿನ ಹಿತವಾಗಲಿಲ್ಲ.

1899ರ ಅಕ್ಟೋಬರಿನಲ್ಲಿ ಮಾರ್ಜಾಕನು ತೀರಿಕೊಂಡನು. ಗುರುವಿನ ಪೀಠ ತನಗೆ ದೊರೆಯಬಹುದೆಂಬ ಆಸೆ ಸ್ಲಾವೀಚೆಕನಿಗಿತ್ತು, ಅರ್ಹತೆಯೂ ಇತ್ತು. ಆದರೆ ಅದು ಅವನಿಗೆ ದೊರೆಯಲಿಲ್ಲ. ಸಂಸಾರದ ಹೊರೆ ಹೊತ್ತಿದ್ದ, ಚಿತ್ರ ಮಾರಿ ಜೀವಿಸಬೇಕಾಗಿದ್ದ ಮನುಷ್ಯನಿಗೆ ಇದು ಸಾಮಾನ್ಯವಾದ ಪೆಟ್ಟಲ್ಲ. ಆದರೂ ಆ ನಷ್ಟವೇ ಅವನನ್ನು ಅಕಾಡೆಮಿಯ ಆವರಣದಿಂದ ಶಾಶ್ವತವಾಗಿ ಹೊರಗೆ ಕಳುಹಿಸಿತೆಂಬುದನ್ನೂ ನಾವು ಗಮನಿಸಬೇಕು. ಅದೇ ಕಾಲದಲ್ಲಿ ಪ್ರಾಗಿನ ತರುಣ ಕಲಾವಿದರಿಗೆ ಬೇರೊಂದು ನೆರಳು ದೊರೆತಿತ್ತು. 1887ರಲ್ಲಿ ವಿದ್ಯಾರ್ಥಿಗಳೇ ಸ್ಥಾಪಿಸಿದ 'ಮಾನೆಸ್' ಎಂಬ ಕಲಾವಿದರ ಸಂಘವು ಪತ್ರಿಕೆ ನಡೆಸಿ, ಪ್ರದರ್ಶನಗಳನ್ನು ಏರ್ಪಡಿಸಿ, ಹೊರದೇಶಗಳ ಹೊಸ ಕಲೆಯನ್ನು ಪ್ರಾಗಿಗೆ ತಂದು ತೋರಿಸುತ್ತಿತ್ತು. 1902ರಲ್ಲಿ ಫ್ರೆಂಚ್ ಶಿಲ್ಪಿ ರೋದಾನನ ಕೃತಿಗಳು, 1905ರಲ್ಲಿ ನಾರ್ವೆಯ ಮುಂಕ್‌ನ ಚಿತ್ರಗಳು, 1907ರಲ್ಲಿ ಫ್ರೆಂಚ್ ಇಂಪ್ರೆಷನಿಸ್ಟರ ಚಿತ್ರಗಳು ಈ ಸಂಘದ ಮೂಲಕವೇ ಪ್ರಾಗಿನ ಜನರ ಕಣ್ಣಿಗೆ ಬಿದ್ದವು. ಸ್ಲಾವೀಚೆಕ್ ಈ ಸಂಘಕ್ಕೆ ಸೇರಿದವನು. ಅದರ ಚರ್ಚೆಗಳ ಬಿಸಿಯಲ್ಲಿ ಬೆಳೆದವನು.

ಇಷ್ಟೆಲ್ಲ ಹೊಸ ಗಾಳಿ ಬೀಸುತ್ತಿದ್ದಾಗ ಆತ ಹೋದದ್ದು ಪ್ಯಾರಿಸಿಗಲ್ಲ, ಕಮೆನಿಚ್ಕಿ ಎಂಬ ಹಳ್ಳಿಗೆ. ಬೊಹೆಮಿಯ ಮತ್ತು ಮೊರಾವಿಯ ಪ್ರಾಂತಗಳ ನಡುವೆ ಹಬ್ಬಿರುವ ಎತ್ತರದ ನಾಡಿನಲ್ಲಿ, ಹ್ಲಿನ್ಸ್ಕೊ ಪಟ್ಟಣದ ಸಮೀಪದಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರಿಗೂ ಮೇಲೆ ಇರುವ ಊರು ಅದು. ಖ್ರುದಿಮ್ಕಾ ಎಂಬ ಚಿಕ್ಕ ನದಿ ಹುಟ್ಟುವುದು ಅದರ ಹತ್ತಿರದಲ್ಲೇ. ಅಲ್ಲಿ ದೊಡ್ಡ ಬೆಟ್ಟಗಳಿಲ್ಲ, ಆಳವಾದ ಕಣಿವೆಗಳಿಲ್ಲ, ನೋಡುವವನನ್ನು ಬೆರಗುಗೊಳಿಸುವ ಯಾವ ಪ್ರಕೃತಿವಿಲಾಸವೂ ಇಲ್ಲ. ಅಲೆಯಲೆಯಾಗಿ ಏರಿಳಿಯುವ ದಿಣ್ಣೆಗಳು, ತೇವ ಹಿಡಿದ ಹುಲ್ಲುಗಾವಲು, ಕಲ್ಲು ಬೆರೆತ ತೆಳುವಾದ ಮಣ್ಣು, ದೀರ್ಘವಾದ ಚಳಿಗಾಲ, ಆಗಾಗ ಸುರಿಯುವ ಮಳೆ, ಇಷ್ಟೇ ಅದರ ಸಂಪತ್ತು. ರೈ ಧಾನ್ಯ, ಆಲೂಗೆಡ್ಡೆ, ಅಗಸೆ, ಇವು ಬೆಳೆ. ಬೆಳೆಯಿಂದ ಹೊಟ್ಟೆ ತುಂಬದ ಮನೆಗಳಲ್ಲಿ ಮಗ್ಗವೇ ಗತಿ. ಕಾದಂಬರಿಕಾರ ಕಾರೆಲ್ ವಾಕ್ಲಾವ್ ರಾಯಿಸ್ ಈ ಊರನ್ನೇ ಹಿನ್ನೆಲೆಯಾಗಿಟ್ಟುಕೊಂಡು ವೃದ್ಧನಾದ ಒಬ್ಬ ಹಳ್ಳಿಯ ಪಾದ್ರಿಯ ಕಥೆಯನ್ನು ಬರೆದಿದ್ದನು. ಅದನ್ನು ಬಿಟ್ಟರೆ ಹೊರಜಗತ್ತು ಕಮೆನಿಚ್ಕಿಯನ್ನು ನೆನೆಯುವುದಕ್ಕೆ ಹೆಚ್ಚಿನ ಕಾರಣವಿರಲಿಲ್ಲ.

1903ರಿಂದ ಮೊದಲ್ಗೊಂಡು ಕೆಲವು ವರ್ಷಗಳ ಕಾಲ ಸ್ಲಾವೀಚೆಕ್ ಈ ಹಳ್ಳಿಗೆ ಮತ್ತೆ ಮತ್ತೆ ಬಂದು, ಸಂಸಾರಸಮೇತನಾಗಿ ನಿಂತು, ಅದರ ಬದುಕನ್ನೇ ತನ್ನ ಬದುಕಾಗಿ ಮಾಡಿಕೊಂಡು ಬರೆದನು. ರಮ್ಯವಾದ ಸ್ಥಳವನ್ನು ಹುಡುಕಿಕೊಂಡು ಬಂದು, ನಾಲ್ಕು ದಿನವಿದ್ದು, ಒಂದು ಚಿತ್ರ ಬರೆದುಕೊಂಡು ಹೋಗುವ ಚಿತ್ರಗಾರನಿಗೂ ಒಂದೇ ದಾರಿಯನ್ನು ಬೇಸಿಗೆಯ ಧೂಳಿನಲ್ಲಿ, ಶರತ್ಕಾಲದ ಕೆಸರಿನಲ್ಲಿ, ಮಂಜು ಬಿದ್ದ ಬೆಳಗಿನಲ್ಲಿ ನಡೆದು ಬಲ್ಲ ಚಿತ್ರಗಾರನಿಗೂ ಇರುವ ವ್ಯತ್ಯಾಸ ಬಹು ದೊಡ್ಡದು. ಮೊದಲನೆಯವನು ಕಾಣುವುದು ನೋಟವನ್ನು. ಎರಡನೆಯವನು ಕಾಣುವುದು ಸ್ಥಳವನ್ನು. 1904ರಲ್ಲಿ ಬರೆದ, 'ಕಮೆನಿಚ್ಕಿಯ ನಮ್ಮ ಮನೆಯ ಕಡೆ' ಎಂದು ಹೇಳಬಹುದಾದ ಹೆಸರಿನ ದೊಡ್ಡ ಚಿತ್ರ ಈ ಕಾಲದ ಪರಮಸಿದ್ಧಿ. ಹಸಿಯಾದ ಹುಲ್ಲುನೆಲ, ತಗ್ಗಾಗಿ ಕುಳಿತ ಮಾಡಿನ ಮನೆಗಳು, ಅವುಗಳ ಮೇಲೆ ಮೋಡ ಕವಿದ ಆಕಾಶ, ಇಷ್ಟನ್ನು ಬಿಟ್ಟು ಅದರಲ್ಲಿ ಹೇಳಿಕೊಳ್ಳುವಂಥ ವಸ್ತುವೇನೂ ಇಲ್ಲ. ಆದರೂ ಆ ಚಿತ್ರದ ಮುಂದೆ ನಿಂತವನಿಗೆ ಅಲ್ಲಿ ಯಾರೋ ಪೀಳಿಗೆಗಳಿಂದ ಬಾಳಿದ್ದಾರೆ, ಆ ನೆಲವನ್ನು ಅಗೆದು ದಣಿದಿದ್ದಾರೆ, ಆ ಮಾಡುಗಳ ಕೆಳಗೆ ಹುಟ್ಟಿ ಸತ್ತಿದ್ದಾರೆ ಎಂಬ ಭಾವ ದೃಢವಾಗಿ ಮೂಡುತ್ತದೆ.

ಈ ಪರಿಣಾಮವನ್ನು ಅವನು ಸಾಧಿಸಿದುದು ಹೇಗೆಂಬುದನ್ನು ಸ್ವಲ್ಪ ಸಮೀಪದಿಂದ ನೋಡೋಣ. ಬಿಸಿಲು ಬಿದ್ದಿರುವ ದೃಶ್ಯವನ್ನು ಬರೆಯುವವನಿಗೆ ನೆರಳು ದೊಡ್ಡ ಸಹಾಯ. ಮರದ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ಕಪ್ಪಾದಾಗ ಅದರ ಗಾತ್ರ ತಾನಾಗಿ ತೋರುತ್ತದೆ. ಮನೆಯ ನೆರಳು ನೆಲದ ಮೇಲೆ ಬಿದ್ದಾಗ ಮನೆ ಎಲ್ಲಿ ನಿಂತಿದೆ, ನೆಲ ಎಷ್ಟು ಇಳಿಜಾರಾಗಿದೆ ಎಂಬುದು ತಿಳಿಯುತ್ತದೆ. ಮೋಡ ಮುಚ್ಚಿದ ದಿನ ಈ ಸಹಾಯವಿಲ್ಲ. ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಸಮನಾಗಿ ಇಳಿಯುವುದರಿಂದ ವಸ್ತುಗಳು ನೆರಳಿಲ್ಲದೆ ಒಂದರ ಪಕ್ಕದಲ್ಲಿ ಒಂದು ಸುಮ್ಮನೆ ಇರುತ್ತವೆ. ಆಗ ಅವುಗಳನ್ನು ಬೇರ್ಪಡಿಸಬಲ್ಲುದು ಬಣ್ಣಬಣ್ಣಗಳ ನಡುವಣ ಸೂಕ್ಷ್ಮಭೇದವೊಂದೇ: ಒದ್ದೆಯಾದ ಹುಲ್ಲಿನ ಹಸುರಿಗೂ ಒಣಗುತ್ತಿರುವ ಹುಲ್ಲಿನ ಹಸುರಿಗೂ ಇರುವ ಅಂತರ, ಉತ್ತ ಮಣ್ಣಿನ ಕಂದಿಗೂ ತುಳಿದು ಗಟ್ಟಿಯಾದ ದಾರಿಯ ಕಂದಿಗೂ ಇರುವ ಅಂತರ. ಬಿಸಿಲಿನಲ್ಲಿ ಕಣ್ಣು ಕುಕ್ಕುವ ಹೊಳಪಿನಿಂದಾಗಿ ಮರೆಯಾಗುವ ಈ ಭೇದಗಳು ಮಂಕು ಬೆಳಕಿನಲ್ಲಿಯೇ ಪೂರ್ಣವಾಗಿ ಅರಳುತ್ತವೆ. ಸ್ಲಾವೀಚೆಕ್ ಕಮೆನಿಚ್ಕಿಯ ಮೋಡದ ದಿನಗಳನ್ನು ಪ್ರೀತಿಸಿದುದರ ಗುಟ್ಟು ಇಲ್ಲಿದೆ. ಬಡ ನೆಲದ ಬಣ್ಣಗಳು ಎಷ್ಟು ಶ್ರೀಮಂತವೆಂಬುದನ್ನು ಆ ಬೆಳಕು ಅವನಿಗೆ ತೋರಿಸಿಕೊಟ್ಟಿತು.

ಎರಡನೆಯದು ಕುಂಚದ ನಡೆ. ನೆರಳಿಲ್ಲದ ದೃಶ್ಯದಲ್ಲಿ ನೆಲದ ಏರು ತಗ್ಗುಗಳನ್ನು ತೋರಿಸಬೇಕಾದರೆ ಕುಂಚ ಎಳೆದ ದಿಕ್ಕೇ ಅದನ್ನು ಹೇಳಬೇಕು. ಸ್ಲಾವೀಚೆಕನ ಚಿತ್ರದಲ್ಲಿ ಹುಲ್ಲಿನ ಇಳಿಜಾರು ಒಂದು ದಿಕ್ಕಿನ ಗೆರೆಗಳಿಂದ, ದಾರಿ ಇನ್ನೊಂದು ದಿಕ್ಕಿನವುಗಳಿಂದ, ಆಕಾಶ ಅಗಲವಾದ ಒರಸುಗಳಿಂದ ರಚಿತವಾಗಿದೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಕಾಣುವುದು ದಪ್ಪದಪ್ಪನೆಯ ಬಣ್ಣದ ಗೀಟುಗಳು ಮಾತ್ರ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರೆ ಅವೇ ಕೂಡಿಕೊಂಡು ನೆಲವಾಗುತ್ತವೆ. ಎಣ್ಣೆಬಣ್ಣದ ಜೊತೆಗೆ ಆತ ಟೆಂಪರಾ ಬಣ್ಣವನ್ನೂ ಬಳಸಿದನು. ಎಣ್ಣೆಬಣ್ಣ ನಿಧಾನವಾಗಿ ಒಣಗಿ ಮಿರುಗುತ್ತದೆ. ಟೆಂಪರಾ ಬೇಗನೆ ಒಣಗಿ, ಮಿರುಗಿಲ್ಲದ, ಸುಣ್ಣದ ಗೋಡೆಯಂಥ ಮೈಯನ್ನು ಪಡೆಯುತ್ತದೆ. ಮೋಡ ಸರಿಯುವ ಮುನ್ನ, ಮಳೆ ಬರುವ ಮುನ್ನ ಒಂದರ ಮೇಲೊಂದು ಪದರ ಹಾಕಿ ಮುಗಿಸಬೇಕಾದವನಿಗೆ ಬೇಗ ಒಣಗುವ ಗುಣ ಒಂದು ವರ. ಆ ಒಣ ಮೈ ಮಲೆಯೂರಿನ ಒರಟು ನೆಲಕ್ಕೆ ಹೊಂದಿಕೊಂಡದ್ದು ಇನ್ನೊಂದು ವರ. ಹೊರಗೆ ಕುಳಿತು ಬರೆಯುವ ಚಿತ್ರಗಾರನಿಗೆ ಸಮಯವೇ ಶತ್ರು. ಗಾಳಿ ಕ್ಯಾನ್ವಾಸನ್ನು ಅಲುಗಾಡಿಸುತ್ತದೆ, ಚಳಿಗೆ ಬೆರಳು ಮರಗಟ್ಟುತ್ತದೆ, ಕಣ್ಣು ಹಿಡಿದ ಬಣ್ಣವನ್ನು ಕೈ ಹಿಡಿಯುವಷ್ಟರಲ್ಲಿ ಬೆಳಕು ಬದಲಾಗಿರುತ್ತದೆ. ಆ ಅವಸರದ ಗುರುತು ಅವನ ಚಿತ್ರಗಳಲ್ಲಿ ಉಳಿದಿದೆ, ಆದರೆ ಅಜಾಗರೂಕತೆಯ ಗುರುತು ಎಲ್ಲಿಯೂ ಇಲ್ಲ.

ಸ್ಲಾವೀಚೆಕನನ್ನು ಇಂಪ್ರೆಷನಿಸ್ಟನೆಂದು ಕರೆಯುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅಷ್ಟರಿಂದಲೇ ಅವನು ನಮಗೆ ಅರ್ಥವಾಗುವುದಿಲ್ಲ. ಚೆಕ್ ನೆಲಕ್ಕೆ ಫ್ರಾನ್ಸಿನ ಬಯಲು ಚಿತ್ರಕಲೆಯ ಪಾಠವನ್ನು ಮೊದಲು ತಂದವರಲ್ಲಿ ಮುಖ್ಯನಾದವನು ಆಂಟೊನೀನ್ ಖಿತ್ತುಸಿ. 1847ರಲ್ಲಿ ಹುಟ್ಟಿ 1891ರಲ್ಲಿ ತೀರಿಕೊಂಡ ಆತ ಫ್ರಾನ್ಸಿನಲ್ಲಿ ಹಲವು ವರ್ಷವಿದ್ದು, ಬಾರ್ಬಿಜೋನಿನ ಚಿತ್ರಗಾರರ ಮಾರ್ಗವನ್ನು ಅನುಸರಿಸಿ, ಹಿಂದಿರುಗಿ ಬಂದು ಬೊಹೆಮಿಯದ ಕೆರೆಬಯಲುಗಳನ್ನು ಬೆಳ್ಳಿಯಂಥ ಬೆಳಕಿನಲ್ಲಿ ಬರೆದನು. ಮುಂದಿನ ತಲೆಮಾರಿನವರಿಗೆ ಅವನಿಂದ ದೊರೆತ ಧೈರ್ಯ ಸಣ್ಣದಲ್ಲ. ಆದರೆ ಫ್ರೆಂಚ್ ಇಂಪ್ರೆಷನಿಸ್ಟರ ದೊಡ್ಡ ಪ್ರದರ್ಶನ ಪ್ರಾಗಿಗೆ ಬಂದ 1907ರ ಹೊತ್ತಿಗೆ ಸ್ಲಾವೀಚೆಕನ ಕಮೆನಿಚ್ಕಿಯ ಚಿತ್ರಗಳು ಆಗಲೇ ಮುಗಿದಿದ್ದವು. ಆ ಫ್ರೆಂಚ್ ಇಂಪ್ರೆಷನಿಸ್ಟರಲ್ಲಿ ಒಬ್ಬನಾದ ಮೊನೆಯ ಕಣ್ಣಿಗೆ ಹುಲ್ಲಿನ ಬಣವೆ ಬೆಳಕಿನ ಲೀಲೆಗೆ ಒಂದು ನೆಪ. ಅದರ ಮೇಲೆ ಹೊತ್ತುಹೊತ್ತಿಗೆ ಬದಲಾಗುವ ವರ್ಣವೇ ಅವನ ನಿಜವಾದ ವಸ್ತು. ಸ್ಲಾವೀಚೆಕನಿಗೆ ಬೆಳಕು ನೆಲದ ಗುಣವನ್ನು ಬಯಲಿಗೆ ತರುವ ಸಾಧನ. ಅವನ ಗುಡಿಸಲುಗಳು ಬೆಳಕಿನಲ್ಲಿ ಕರಗುವುದಿಲ್ಲ. ಭಾರವಾಗಿ, ಮಣ್ಣಿಗೆ ಅಂಟಿಕೊಂಡು, ತಮ್ಮ ಬಡತನವನ್ನು ಮರೆಮಾಡದೆ ನಿಲ್ಲುತ್ತವೆ. ಮಾರ್ಜಾಕನು ಪುಣ್ಯಶಿಖರಗಳಿಗೆ ಸಲ್ಲಿಸಿದ ಗೌರವವನ್ನೇ ಶಿಷ್ಯನು ಈ ಗುಡಿಸಲುಗಳಿಗೆ ಸಲ್ಲಿಸಿದನು. ಗುರುವಿನ ದೃಷ್ಟಿಯ ಗಾಂಭೀರ್ಯವನ್ನು ಉಳಿಸಿಕೊಂಡು ಅದರ ಗುರಿಯನ್ನು ಮಾತ್ರ ಬದಲಾಯಿಸಿದುದೇ ಅವನ ಸ್ವಂತಿಕೆ.

ಈ ಮಾತಿಗೆ ಪ್ರಮಾಣ ಬೇಕಾದರೆ ಅವನ ಪ್ರಾಗ್ ಚಿತ್ರಗಳನ್ನು ನೋಡಬೇಕು. ಹಳ್ಳಿಯಲ್ಲಿ ಪಳಗಿದ ಆ ಕಣ್ಣನ್ನು ಆತ ತಾನು ಹುಟ್ಟಿದ ನಗರದ ಕಡೆಗೆ ತಿರುಗಿಸಿದಾಗ ಪ್ರಾಗ್ ದೊಡ್ಡ ಪರಿವರ್ತನೆಯ ನಡುವೆ ಇತ್ತು. ಯೋಸೆಫೋವ್ ಎಂಬ ಹಳೆಯ ಯೆಹೂದ್ಯರ ಕೇರಿಯನ್ನೂ ಅದರ ಸುತ್ತಲಿನ ಬೀದಿಗಳನ್ನೂ ಆರೋಗ್ಯದೃಷ್ಟಿಯಿಂದ ಕೆಡವಿ ಹೊಸದಾಗಿ ಕಟ್ಟಬೇಕೆಂದು 1893ರಲ್ಲಿ ಶಾಸನವಾಗಿತ್ತು. ಶತಮಾನಗಳಿಂದ ಜನ ಕಿಕ್ಕಿರಿದು ಬಾಳಿದ್ದ ಕಿರುಗಲ್ಲಿಗಳು ಕೆಲವೇ ವರ್ಷಗಳಲ್ಲಿ ನೆಲಸಮವಾದವು. ಕೆಲವು ಸಿನಗಾಗುಗಳು, ಹಳೆಯ ಸ್ಮಶಾನ, ಇಂಥವಷ್ಟೇ ಉಳಿದವು. ಸ್ಲಾವೀಚೆಕ್ ಈ ಮರೆಯಾಗುತ್ತಿದ್ದ ಬೀದಿಗಳನ್ನು ಬರೆದನು. ಹಳೆಯದೆಲ್ಲ ಚೆನ್ನ ಎಂಬ ಹಂಬಲದಿಂದ ಅಲಂಕರಿಸಿ ಬರೆಯಲಿಲ್ಲ. ಸಿಪ್ಪೆ ಎದ್ದ ಗೋಡೆ, ಒದ್ದೆಯಾದ ಕಲ್ಲುಹಾಸು, ಸಂದಿಯಲ್ಲಿ ನಿಂತ ಮಬ್ಬು, ಇವನ್ನು ಕಮೆನಿಚ್ಕಿಯ ದಾರಿಯನ್ನು ಬರೆದ ಪ್ರಾಮಾಣಿಕತೆಯಿಂದಲೇ ಬರೆದನು.

1906ರಲ್ಲಿ ಬರೆದ ಮಾರಿಯಾ ಚೌಕದ ಚಿತ್ರ ಮತ್ತು ವಲ್ತಾವದ ಮೇಲಿನ ಎಲಿಷ್ಕಾ ಸೇತುವೆಯ ಚಿತ್ರ ಈ ಗುಂಪಿನಲ್ಲಿ ಪ್ರಸಿದ್ಧವಾದವು. 1868ರಲ್ಲಿ ಸಂಚಾರಕ್ಕೆ ತೆರೆದ ಆ ತೂಗುಸೇತುವೆ ಈಗ ಇಲ್ಲ. ಅದರ ಸ್ಥಳದಲ್ಲಿ ಬೇರೆ ಸೇತುವೆ ಬಂದಿದೆ. ಸೇತುವೆಯಂಥ ಕಬ್ಬಿಣದ ರಚನೆಯನ್ನು, ಅದರ ಮೇಲಿನ ನಿತ್ಯದ ಸಂಚಾರವನ್ನು, ಮಸುಕಾದ ನಗರದ ಗಾಳಿಯನ್ನು ಭೂದೃಶ್ಯವೆಂದು ಎಣಿಸುವುದೇ ಆ ಕಾಲಕ್ಕೆ ಒಂದು ಸಾಹಸ. ಪ್ರಾಗ್ ಎಂದರೆ ನದಿಯ ಆಚೆಯ ಕೋಟೆ ಮತ್ತು ಗೋಪುರಗಳು ಎಂದು ತಿಳಿದವರಿಗೆ, ಕೆಲಸಕ್ಕೆ ಹೋಗುವವನು ಪ್ರತಿದಿನ ದಾಟುವ ಸೇತುವೆಯೂ ಪ್ರಾಗೇ ಎಂದು ಈ ಚಿತ್ರ ತಿಳಿಸುತ್ತದೆ. ಹಳ್ಳಿಯ ದಾರಿಗೆ ಸಂದ ಮರ್ಯಾದೆ ಇಲ್ಲಿ ನಗರದ ಬೀದಿಗೂ ಸಂದಿದೆ.

ಬಳಿಕ 1908ರಲ್ಲಿ ಆತ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದನು. ಲೆತ್ನಾ ದಿಣ್ಣೆಯ ಮೇಲಿನಿಂದ ಕಾಣುವ ಪ್ರಾಗ್, ಉತ್ತರದ ಲಾಡ್ವಿ ಗುಡ್ಡದಿಂದ ದೂರದಲ್ಲಿ ಹರಡಿಕೊಂಡು ಕಾಣುವ ಪ್ರಾಗ್, ಹೀಗೆ ವಿಶಾಲವಾದ ನಗರದೃಶ್ಯಗಳನ್ನು ಬರೆದನು. ನಗರವೆಂಬುದು ಇಲ್ಲಿ ಕಟ್ಟಡಗಳ ಪಟ್ಟಿಯಾಗಿ ಕಾಣದೆ, ಹೊಗೆ, ಮಾಡು, ಮರ, ನದಿ ಎಲ್ಲವೂ ಒಂದೇ ಉಸಿರಿನಲ್ಲಿ ಬೆರೆತ ಒಂದು ಬೃಹತ್ತಾದ ನೆಲದ ಭಾಗವಾಗಿ ಕಾಣುತ್ತದೆ. 1909ರಲ್ಲಿ ಬರೆದ ಸಂತ ವೀಟನ ಮಹಾದೇವಾಲಯದ ಚಿತ್ರ ಈ ಸಾಲಿನ ಕಳಶ. 1344ರಲ್ಲಿ ಅಸ್ತಿಭಾರ ಹಾಕಿದ ಆ ದೇವಾಲಯ ಅರ್ಧಕ್ಕೆ ನಿಂತು, ಶತಮಾನಗಳ ಮೇಲೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಉಳಿದ ಭಾಗದ ನಿರ್ಮಾಣ ಮತ್ತೆ ಮೊದಲಾಗಿತ್ತು; ಅದು ಪೂರ್ಣಗೊಂಡದ್ದು 1929ರಲ್ಲಿ. ಚೆಕ್ ಅರಸರು ಕಿರೀಟ ಧರಿಸಿದ, ಸಂತ ವಾಕ್ಲಾವನ ಸಮಾಧಿ ಇರುವ ಸ್ಥಳವದು. ರಾಷ್ಟ್ರೀಯ ಸ್ಮಾರಕವೆಂಬುದಕ್ಕೆ ಅದಕ್ಕಿಂತ ಮಿಗಿಲಾದುದು ಬೇರೆ ಇಲ್ಲ. ಹೆಸರಿಲ್ಲದ ನೆಲದಲ್ಲಿ ಇಷ್ಟು ವರ್ಷ ದುಡಿದವನು ಕೊನೆಗೆ ಸ್ಮಾರಕದ ಮುಂದೆಯೇ ಬಂದು ನಿಂತನಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅವನ ದೇವಾಲಯವನ್ನು ನೋಡಿ. ಕಲ್ಲಿನ ಆ ಮಹಾರಾಶಿ ಕಮೆನಿಚ್ಕಿಯ ಇಳಿಜಾರಿನಂತೆಯೇ ಹವೆಗೆ ಒಡ್ಡಿಕೊಂಡು, ಬೆಳಕಿನಲ್ಲಿ ಕಂಪಿಸುತ್ತ, ನೆಲದಿಂದಲೇ ಎದ್ದು ಬಂದ ವಸ್ತುವಾಗಿ ನಿಂತಿದೆ. ಹಳ್ಳಿಯ ಮಾಡನ್ನು ಸ್ಮಾರಕದ ಎತ್ತರಕ್ಕೆ ಏರಿಸಿದವನು ಸ್ಮಾರಕವನ್ನು ಹಳ್ಳಿಯ ಮಾಡಿನ ಆಪ್ತತೆಗೆ ತಂದನು. ಎರಡೂ ಒಂದೇ ನಾಡಿನ ಅಂಗಗಳೆಂಬ ಜ್ಞಾನ ಇಲ್ಲಿ ಪೂರ್ಣವಾಯಿತು.

ಶಕ್ತಿ ಶಿಖರಕ್ಕೇರಿದ ಹೊತ್ತಿನಲ್ಲಿಯೇ ವಿಧಿ ಬೇರೆ ಬಗೆಯಿತು. 1909ರ ಬೇಸಿಗೆಯಲ್ಲಿ, ಪೂರ್ವ ಬೊಹೆಮಿಯದ ರಿಬ್ನಾ ಎಂಬ ಹಳ್ಳಿಯಲ್ಲಿದ್ದಾಗ, ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಸ್ವಾಧೀನ ತಪ್ಪಿತು; ಚಿತ್ರ ಬರೆಯುತ್ತಿದ್ದುದು ಆ ಕೈಯೇ. ಮೂವತ್ತೊಂಬತ್ತು ವರ್ಷದ ಆ ಮನುಷ್ಯ ಎಡಗೈಯಿಂದ ಬರೆಯುವುದನ್ನು ಕಲಿಯಲು ಯತ್ನಿಸಿದನು. ಕಣ್ಣು ಹಿಂದಿನಂತೆಯೇ ಎಲ್ಲವನ್ನೂ ಕಾಣುತ್ತಿತ್ತು. ಕಂಡುದಕ್ಕೆ ರೂಪ ಕೊಡಬೇಕಾದ ಕೈ ಇಲ್ಲ. ಆ ಯಾತನೆಯನ್ನು ಕೆಲವು ತಿಂಗಳು ಸಹಿಸಿ, 1910ರ ಫೆಬ್ರವರಿ 1ರಂದು ಪ್ರಾಗಿನಲ್ಲಿ ಆತ ತನ್ನ ಬದುಕನ್ನು ತಾನೇ ಕೊನೆಗಾಣಿಸಿಕೊಂಡನು. ಈ ಸಾವನ್ನು ಕಲಾವಿದನ ಮಹತ್ತ್ವದ ಲಕ್ಷಣವೆಂಬಂತೆ ವರ್ಣಿಸುವವರುಂಟು, ಅದು ಸರಿಯಲ್ಲ. ಅದೊಂದು ರೋಗದ, ಅಸಹಾಯಕತೆಯ ದುರಂತ. ಅವನ ಮಹತ್ತ್ವ ಇರುವುದು ಅದಕ್ಕೆ ಮುಂಚೆ ಆತ ಮಾಡಿದ ಕೆಲಸದಲ್ಲಿ.

ಅವನ ಸಹೋದ್ಯೋಗಿಯೂ ವಿಮರ್ಶಕನೂ ಆಗಿದ್ದ ಮಿಲೋಶ್ ಯಿರಾನೆಕ್ ಅದೇ 1910ರಲ್ಲಿ ಅವನನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಮರುವರ್ಷವೇ ಯಿರಾನೆಕನೂ ತೀರಿಕೊಂಡನು. ಸ್ಲಾವೀಚೆಕನ ಪತ್ನಿ ಬೊಹುಮಿಲಾ ಮುಂದೆ ಹೆರ್ಬರ್ಟ್ ಮಸಾರಿಕ್ ಎಂಬ ಚಿತ್ರಗಾರನನ್ನು ಮದುವೆಯಾದಳು. ಆತ ಸ್ವತಂತ್ರ ಚೆಕೊಸ್ಲೊವಾಕಿಯದ ಮೊದಲ ಅಧ್ಯಕ್ಷನಾದ ತೋಮಾಶ್ ಮಸಾರಿಕನ ಮಗ. 1915ರಲ್ಲಿ, ನಾಡು ಸ್ವತಂತ್ರವಾಗುವುದಕ್ಕೆ ಮೊದಲೇ, ಅವನೂ ಕಾಲವಶನಾದನು. 1900ರಲ್ಲಿ ಹುಟ್ಟಿದ್ದ ಸ್ಲಾವೀಚೆಕನ ಮಗ ಯಾನ್ ತಂದೆಯ ಕುಂಚವನ್ನು ಎತ್ತಿಕೊಂಡು ತಾನೂ ಹೆಸರಾಂತ ಚಿತ್ರಗಾರನಾದನು.

ಒಂದು ನಾಡು ತನ್ನನ್ನು ತಾನು ಅರಿಯುವುದಕ್ಕೆ ಸ್ಮಾರಕಗಳು ಬೇಕು. ಅವಿಲ್ಲದೆ ಜನಾಂಗದ ನೆನಪು ಚೆದರಿಹೋಗುತ್ತದೆ. ರ್ಜಿಪ್ ಬೆಟ್ಟದ ಕಲ್ಲನ್ನು ಹೊತ್ತು ತಂದ ಜನರ ಶ್ರದ್ಧೆಯನ್ನು ಯಾರೂ ಲಘುವಾಗಿ ಎಣಿಸಲಾಗದು. ಆದರೆ ಸ್ಮಾರಕವನ್ನು ಮಾತ್ರ ಪ್ರೀತಿಸುವ ದೇಶಭಕ್ತಿಯಲ್ಲಿ ಒಂದು ಅಪಾಯವುಂಟು. ಹೆಸರಿನ ಹೆಮ್ಮೆಯಲ್ಲಿ ಅದು ನೆಲವನ್ನೂ ನೆಲದ ಮೇಲೆ ಬಾಳುವವರನ್ನೂ ಮರೆಯಬಹುದು; ಬೆಟ್ಟದ ನೆತ್ತಿಗೆ ಕೈಮುಗಿದು, ಅದರ ಬುಡದಲ್ಲಿ ಹಸಿದವನನ್ನು ಕಾಣದೆ ಹೋಗಬಹುದು. ಸ್ಲಾವೀಚೆಕನ ಚಿತ್ರಗಳು ಈ ಮರೆವಿಗೆ ಮದ್ದು. ಘೋಷಣೆಯಿಲ್ಲದೆ, ಕರುಣೆಯ ಪ್ರದರ್ಶನವಿಲ್ಲದೆ, ಅವು ನಮ್ಮನ್ನು ಒಂದು ಸಾಮಾನ್ಯ ಸ್ಥಳದ ಮುಂದೆ ನಿಲ್ಲಿಸಿ, ಇದನ್ನು ನೋಡು ಎಂದು ಹೇಳುತ್ತವೆ. ಎಷ್ಟು ಹೊತ್ತು ನೋಡಿದರೂ ಅಲ್ಲಿ ನೋಡುವುದಕ್ಕೆ ಇನ್ನೂ ಉಳಿದಿರುತ್ತದೆ. ಪುಣ್ಯಕ್ಷೇತ್ರವನ್ನು ಒಮ್ಮೆ ದರ್ಶನ ಮಾಡಿ ಬಂದರೆ ಸಾಕು. ಬಾಳುವ ಊರನ್ನು ದಿನದಿನವೂ ನೋಡಿ ಅರಿಯಬೇಕು. ಆ ನಿತ್ಯದ ಅರಿವೇ ನಾಡಿನ ಮೇಲಣ ಪ್ರೀತಿಯ ಗಟ್ಟಿಯಾದ ಭಾಗವೆಂಬುದನ್ನು ಆತ ತನ್ನ ಜನಕ್ಕೆ ಕಲಿಸಿದನು. ಭೂದೃಶ್ಯವನ್ನು ಗೋಡೆಯ ಅಲಂಕಾರವೆಂದು ಮಾತ್ರ ಬಗೆಯುವವರು ಈ ಪಾಠವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳಿತು.